ತವರದ ಮೇಲಿನ ಹೊನ್ನು: ಕಿನ್ನಾಳದ ಗೊಂಬೆಗಳೂ ಪಾರದರ್ಶಕ ಬಣ್ಣದ ಪರಂಪರೆಯೂ

ಕನ್ನಡ ನಾಡಿನ ಚಿತ್ರಕಲೆಯ ಚರಿತ್ರೆಯನ್ನು ಬರೆಯ ಹೊರಟವರು ಸಾಮಾನ್ಯವಾಗಿ ಬಾದಾಮಿಯಿಂದ ಆರಂಭಿಸುತ್ತಾರೆ. ಕ್ರಿ.ಶ. ೫೭೮ರ ಮಂಗಳೇಶನ ಶಾಸನವುಳ್ಳ ಮೂರನೆಯ ಗುಹೆಯ ಭಿತ್ತಿಚಿತ್ರಗಳನ್ನು ವರ್ಣಿಸಿ, ಅಲ್ಲಿಂದ ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮಾಳಿಗೆಗೆ ಬಂದು, ಕೊನೆಗೆ ಮೈಸೂರಿನ ಹೊನ್ನಿನ ಹಾಳೆಯ ಪಟಗಳಲ್ಲಿ ಪ್ರಸ್ತಾವವನ್ನು ಮುಗಿಸುತ್ತಾರೆ. ಗೋಡೆಗೂ ಪಟಕ್ಕೂ ಹೀಗೆ ಚರಿತ್ರೆಯಲ್ಲಿ ಸ್ಥಾನ ದೊರೆತಿದೆ. ಅಂಗೈಯಲ್ಲಿ ಹಿಡಿಯುವಷ್ಟು, ಮೇಜಿನ ಮೇಲೆ ನಿಲ್ಲಿಸುವಷ್ಟು ಚಿಕ್ಕದಾದ ಗೊಂಬೆಗೆ ಬಣ್ಣ ಹಚ್ಚಿದ ಕೈಗೆ ಮಾತ್ರ ಆ ಸ್ಥಾನ ಇನ್ನೂ ದೊರೆತಿಲ್ಲ. ಗೊಂಬೆಯೆಂದರೆ ಆಟದ ವಸ್ತು, ಜಾತ್ರೆಯ ಸರಕು ಎಂಬ ಭಾವನೆ ನಮ್ಮ ವಿದ್ವಾಂಸರಲ್ಲಿಯೂ ಬೇರೂರಿರುವುದೇ ಇದಕ್ಕೆ ಕಾರಣವಿರಬೇಕು.

ಪ್ರಸ್ತುತ ಲೇಖನದ ಉದ್ದೇಶ ಗೊಂಬೆಗಳ ಸೌಂದರ್ಯವನ್ನು ಕೊಂಡಾಡುವುದಲ್ಲ. ಅವುಗಳಿಗೆ ಬಣ್ಣ ಹಚ್ಚುವ ಒಂದು ವಿಧಾನದ ಚರಿತ್ರೆಯನ್ನು ತಕ್ಕಮಟ್ಟಿಗೆ ಗುರುತಿಸುವುದು. ಬಣ್ಣಗಳಲ್ಲಿ ಎರಡು ಬಗೆ. ತನ್ನ ಕೆಳಗಿರುವುದನ್ನೆಲ್ಲ ಮುಚ್ಚಿ ತಾನೊಂದೇ ಕಾಣುವುದು ಒಂದು ಬಗೆ. ಬೆಳಕನ್ನು ತನ್ನೊಳಗೆ ಹಾಯಲು ಬಿಟ್ಟು, ಕೆಳಗಿನ ತಳಕ್ಕೆ ತಾಗಿ ಮರಳುವ ಆ ಬೆಳಕಿಗೆ ತನ್ನ ಛಾಯೆಯನ್ನು ಕೊಟ್ಟು ಕಳಿಸುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ತಳ ಹೇಗಿದ್ದರೂ ನಡೆಯುತ್ತದೆ; ಎರಡನೆಯದಕ್ಕೆ ತಳವೇ ಸರ್ವಸ್ವ. ಕಿನ್ನಾಳದ ಚಿತ್ರಗಾರರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ವಿದ್ಯೆ ಈ ಎರಡನೆಯ ಬಗೆಯನ್ನು ಆಶ್ರಯಿಸಿದೆ. ಈ ವಿದ್ಯೆಯ ಸಾರವು ಕಣ್ಣಿಗೆ ಕಾಣುವ ಮೇಲ್ಬಣ್ಣದಲ್ಲಿಲ್ಲ, ಕಾಣದ ತಳದಲ್ಲಿದೆ ಎಂಬುದೂ, ಆದುದರಿಂದಲೇ ಅದು ನಮ್ಮ ಕಣ್ಣೆದುರಿಗೇ ಸದ್ದಿಲ್ಲದೆ ನಶಿಸಬಲ್ಲದು ಎಂಬುದೂ ಇಲ್ಲಿ ಪ್ರತಿಪಾದಿಸಬೇಕೆಂದಿರುವ ವಿಷಯ.

೧. ಕಲ್ಯಾಣದ ಅರಸನ ಸಾಕ್ಷ್ಯ

ಬಣ್ಣದ ತಂತ್ರಕ್ಕೆ ಸಂಬಂಧಿಸಿ ನಮ್ಮ ನಾಡಿನಲ್ಲಿ ಹುಟ್ಟಿದ ಗ್ರಂಥಗಳಲ್ಲಿ ಮೊದಲು ನೆನೆಯಬೇಕಾದುದು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ. ಅಭಿಲಷಿತಾರ್ಥಚಿಂತಾಮಣಿ ಎಂಬುದು ಅದರ ಇನ್ನೊಂದು ಹೆಸರು. ಭೂಲೋಕಮಲ್ಲನೆಂಬ ಬಿರುದಾಂಕಿತನಾದ ಈ ಅರಸನು ಕ್ರಿ.ಶ. ೧೧೩೮ರವರೆಗೆ ಆಳಿದನು; ಗ್ರಂಥವು ೧೧೨೯ರ ಸುಮಾರಿಗೆ ರಚಿತವಾಯಿತು. ಸಂಸ್ಕೃತದಲ್ಲಿದ್ದರೂ ಇದು ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ನೆಲೆಸಿದ್ದ ಆಸ್ಥಾನದ ಅನುಭವಸಾರ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ಅಡುಗೆ, ಆನೆ, ಕುಸ್ತಿ, ಸಂಗೀತಗಳಿಗೆ ದೊರೆತಿರುವಂತೆಯೇ ಚಿತ್ರಕಲೆಗೂ ಅದರಲ್ಲಿ ವಿಸ್ತಾರವಾದ ಎಡೆ ದೊರೆತಿದೆ. ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ೧೯೨೫ರಿಂದ ೧೯೬೧ರವರೆಗೆ ಮೂರು ಸಂಪುಟಗಳಾಗಿ ಅಚ್ಚಾದ ಮೇಲೆ ಇದು ವಿದ್ವಾಂಸರೆಲ್ಲರ ಕೈಗೆ ಎಟುಕುವಂತಾಯಿತು.

ಚಿತ್ರ ಬರೆಯುವುದನ್ನು ಹೇಳುವ ಮೊದಲು ಸೋಮೇಶ್ವರನು ಚಿತ್ರ ಬರೆಯುವ ನೆಲವನ್ನು ಸಿದ್ಧಪಡಿಸುವ ಕ್ರಮವನ್ನು ಹೇಳುತ್ತಾನೆ. ಗೋಡೆ ಗಾರೆಯಿಂದ ನುಣುಪಾಗಿರಬೇಕು. ಎಮ್ಮೆಯ ಹಸಿ ತೊಗಲನ್ನು ಬೆಣ್ಣೆಯಂತಾಗುವವರೆಗೆ ನೀರಿನಲ್ಲಿ ಕುದಿಸಿ, ಕಡ್ಡಿಗಳನ್ನಾಗಿ ಮಾಡಿ ಒಣಗಿಸಿಡಬೇಕು. ಇದೇ ವಜ್ರಲೇಪ. ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ, ಬಿಳಿಯ ಮಣ್ಣಿನೊಡನೆ ಬೆರಸಿ ಗೋಡೆಗೆ ಮತ್ತೆ ಮತ್ತೆ ಬಳಿಯಬೇಕು. ಬಣ್ಣಗಳಿಗೂ ಇದೇ ವಜ್ರಲೇಪ ಬೆರೆಯಬೇಕು. ಬಿಳುಪಿಗೆ ಶಂಖದ ಪುಡಿ, ಕೆಂಪಿಗೆ ಇಂಗಳಿಕ, ಕಾವಿ ಮತ್ತು ಅರಗಿನ ರಸ, ಹಳದಿಗೆ ಹರಿದಳ, ಕಪ್ಪಿಗೆ ಕಾಡಿಗೆ. ಇವುಗಳಲ್ಲಿ ಇಂಗಳಿಕ, ಹರಿದಳಗಳು ಮುಚ್ಚುವ ಬಣ್ಣಗಳು. ಅರಗಿನ ರಸ, ಎಂದರೆ ಅಲಕ್ತಕ, ಪಾರದರ್ಶಕವಾದುದು. ಬಿಳಿಯ ತಳವಿಲ್ಲದಿದ್ದರೆ ಅದು ಮಂಕಾಗಿ ಕಾಣುವುದು. ವಜ್ರಲೇಪವೆಂಬ ಹೆಸರು ಗ್ರಂಥದಲ್ಲಿಯೇ ಉಳಿದುಹೋದುದಲ್ಲ. ಬಡಗಿಯ ಸರೇಸನ್ನು ಮರವಜ್ರವೆಂದು ಕರೆಯುವ ರೂಢಿ ಕನ್ನಡದಲ್ಲಿದೆ. ಒಂಬತ್ತು ಶತಮಾನಗಳ ಹಿಂದಿನ ಆಸ್ಥಾನದ ಪಾರಿಭಾಷಿಕ ಶಬ್ದವು ಬಡಗಿಯ ಪಡಸಾಲೆಯಲ್ಲಿ ಬದುಕಿಕೊಂಡಿರುವುದು ಗಮನಾರ್ಹ.

ಬಂಗಾರದ ವಿಷಯದಲ್ಲಿಯೂ ಅರಸನ ವಿಧಿ ಸ್ಪಷ್ಟವಾಗಿದೆ. ಅಪ್ಪಟ ಚಿನ್ನದ ತಗಡನ್ನು ಕಲ್ಲಿನ ಮೇಲೆ ಅರೆದು, ನೀರಿನಲ್ಲಿ ತೊಳೆತೊಳೆದು ಕಲ್ಮಷವನ್ನು ಹರಿಯಬಿಟ್ಟು, ಉಳಿದ ಹುಡಿಗೆ ವಜ್ರಲೇಪ ಬೆರಸಿ ಕುಂಚದಿಂದ ಆಭರಣಗಳನ್ನು ಬರೆಯಬೇಕು. ಒಣಗಿದ ಮೇಲೆ ಹಂದಿಯ ಕೋರೆಹಲ್ಲಿನಿಂದ ಮೆಲ್ಲನೆ ಉಜ್ಜಿ ಮಿಂಚಿನಂತೆ ಹೊಳೆಯಿಸಬೇಕು. ಪುಡಿ, ಅಂಟು, ಲೇಪನ, ಉಜ್ಜುವಿಕೆ ಎಂಬ ಈ ನಾಲ್ಕು ಹೆಜ್ಜೆಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಕಿನ್ನಾಳದಲ್ಲಿ ಇವೇ ನಾಲ್ಕು ಹೆಜ್ಜೆಗಳು ಬೇರೊಂದು ಲೋಹದ ಮೇಲೆ ಪುನಃ ಕಾಣಿಸಿಕೊಳ್ಳುತ್ತವೆ.

೨. ಕಿನ್ನಾಳದ ಪದರುಗಳು

ಕಿನ್ನಾಳವು ಕೊಪ್ಪಳದ ಸಮೀಪದಲ್ಲಿರುವ ಒಂದು ಗ್ರಾಮ. ೧೯೪೮ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, ೧೯೫೬ರ ಏಕೀಕರಣದಲ್ಲಿ ಮೈಸೂರು ರಾಜ್ಯಕ್ಕೆ ಸೇರಿ, ರಾಯಚೂರು ಜಿಲ್ಲೆಯ ಭಾಗವಾಗಿ ಉಳಿದು, ೧೯೯೭ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದಾಗ ಅದರ ಅಂಗವಾಯಿತು. ಇಲ್ಲಿಯ ಚಿತ್ರಗಾರ ಮನೆತನದವರು ತಮ್ಮ ಹಿರಿಯರು ವಿಜಯನಗರದ ಅರಸರ ಆಶ್ರಯದಲ್ಲಿದ್ದರೆಂದೂ, ಹಂಪೆಯ ವಿರೂಪಾಕ್ಷ ದೇವಾಲಯದ ಮಾಳಿಗೆಯ ಚಿತ್ರಗಳು ಅವರ ಕೈಯವೆಂದೂ ಹೇಳಿಕೊಂಡು ಬಂದಿದ್ದಾರೆ. ಇದು ಪರಂಪರೆಯ ಮಾತು. ಶಾಸನದ ಆಧಾರವಿದ್ದ ಮಾತೆಂದು ಇದನ್ನು ಮುಂದಿಡುವುದು ಸಲ್ಲದು. ಆದರೆ ತಂತ್ರದ ಸಾಕ್ಷ್ಯವೆಂಬುದು ಬೇರೆಯೇ ಒಂದಿದೆ. ಅದನ್ನು ಗೊಂಬೆಯ ಮೈಮೇಲೆಯೇ ಓದಬಹುದು.

ಗೊಂಬೆಗೆ ಆರಿಸುವುದು ಹಗುರವಾದ ಮೃದು ಮರ. ಬೇರೆಬೇರೆಯಾಗಿ ಕೆತ್ತಿದ ಅಂಗಗಳನ್ನು ಹುಣಿಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಗಳನ್ನು ನೆನೆಯಿಸಿ, ಚೂರು ಮಾಡಿ, ಒಣಗಿಸಿ, ಪುಡಿಗೈದು, ಮರದ ಹೊಟ್ಟು ಮತ್ತು ಹುಣಿಸೆಬೀಜದ ಅಂಟಿನೊಡನೆ ಕಲಸಿದರೆ ಕಿಟ್ಟವೆಂಬ ಮುದ್ದೆಯಾಗುತ್ತದೆ. ಈ ಕಿಟ್ಟವನ್ನು ಮೈತುಂಬ ಕೈಯಿಂದ ಮೆತ್ತುತ್ತಾರೆ. ಅದರ ಮೇಲೆ ಹತ್ತಿಯ ಬಟ್ಟೆಯ ಚಿಕ್ಕ ತುಣುಕುಗಳನ್ನು ಅಂಟಿಸುತ್ತಾರೆ. ಅದರ ಮೇಲೆ ಹರಳುಕಲ್ಲಿನ ಪುಡಿಯ ಬಿಳಿಯ ಲೇಪ. ಕಿರೀಟ, ಕಂಠೀಹಾರ, ಡಾಬುಗಳ ಉಬ್ಬುಗೆಲಸವೂ ಅದೇ ಕಲ್ಲಿನ ಪುಡಿಯನ್ನು ಅಂಟಿನೊಡನೆ ಕಲಸಿ ಎತ್ತಿದುದು. ಇಷ್ಟೆಲ್ಲ ಆದಮೇಲೆ ಬಣ್ಣದ ಸರದಿ. ಗರುಡನಾಗಲಿ ಹನುಮಂತನಾಗಲಿ ಕಾಮಧೇನುವಾಗಲಿ, ಗೊಂಬೆಯು ಬಣ್ಣದ ಕುಂಚವನ್ನು ಕಾಣುವ ಮೊದಲೇ ಮರ, ಕಿಟ್ಟ, ಬಟ್ಟೆ, ಕಲ್ಲು ಎಂಬ ನಾಲ್ಕು ಪದರುಗಳನ್ನು ಹೊತ್ತಿರುತ್ತದೆ.

ಒಡವೆಗಳಿಗೆ ಹೊಳಪು ಕೊಡುವ ವಿಧಾನಕ್ಕೆ ಅಲ್ಲಿ ಲಾಜವಾರವೆಂಬ ಹೆಸರು. ತವರವನ್ನು ನುಣ್ಣಗೆ ಪುಡಿಮಾಡಿ, ಅಂಟಿನಲ್ಲಿ ಕಲಸಿ, ಉಬ್ಬುಗೆಲಸದ ಮೇಲೆ ಹಚ್ಚಿ, ಒಣಗಿದ ಬಳಿಕ ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ. ಆಗ ಅದು ಬೆಳ್ಳಿಯಂತೆ ಬೆಳಗುತ್ತದೆ. ಬೆಳ್ಳಿಯಾಗಿ ಇರಬೇಕಾದುದನ್ನು ಹಾಗೆಯೇ ಬಿಟ್ಟು, ಬಂಗಾರವಾಗಿ ಕಾಣಬೇಕಾದುದರ ಮೇಲೆ ಹಳದಿಯ ಪಾರದರ್ಶಕ ಮೆರುಗೆಣ್ಣೆಯನ್ನು ತೆಳ್ಳಗೆ ಎಳೆಯುತ್ತಾರೆ. ಬೆಳಕು ಹಳದಿಯನ್ನು ಹಾಯ್ದು ತವರಕ್ಕೆ ತಾಗಿ ಮರಳಿ ಹಳದಿಯನ್ನು ಹಾಯ್ದು ನಮ್ಮ ಕಣ್ಣನ್ನು ಮುಟ್ಟುವಾಗ ಹೊನ್ನಾಗಿರುತ್ತದೆ. ಉಬ್ಬಿನ ನೆತ್ತಿಯಲ್ಲಿ ಮೆರುಗೆಣ್ಣೆ ತೆಳುವಾಗಿ ನಿಂತು ಹೊಳಪು ಹೆಚ್ಚುತ್ತದೆ. ತಗ್ಗಿನಲ್ಲಿ ಸೇರಿಕೊಂಡು ಗಾಢವಾಗಿ ನೆರಳಾಗುತ್ತದೆ. ನೆರಳನ್ನು ಬೇರೆಯಾಗಿ ಬರೆಯುವ ಶ್ರಮವನ್ನು ದ್ರವವೇ ವಹಿಸಿಕೊಳ್ಳುತ್ತದೆ.

ಇಲ್ಲಿ ಮೈಸೂರು ಪಟದೊಡನೆ ಒಂದು ಹೋಲಿಕೆ ಉಪಯುಕ್ತ. ಮೈಸೂರಿನವರು ಮಕ್ಕಿ ಸಫೇದದ ಬಿಳಿಯ ಪುಡಿಗೆ ರೇವಲಚಿನ್ನಿಯ ಹಾಲನ್ನು ಬೆರಸಿ, ಆ ಹಳದಿಯ ಮುದ್ದೆಯಿಂದ ಉಬ್ಬುಗೆಲಸ ಮಾಡಿ, ಮೇಲೆ ಚಿನ್ನದ ತೆಳುಹಾಳೆಯನ್ನು ಅಂಟಿಸುತ್ತಿದ್ದರು. ಅಲ್ಲಿ ಹಳದಿ ಕೆಳಗೆ, ಲೋಹ ಮೇಲೆ. ಕಿನ್ನಾಳದಲ್ಲಿ ಲೋಹ ಕೆಳಗೆ, ಹಳದಿ ಮೇಲೆ. ಅರಮನೆಯಲ್ಲಿ ಚಿನ್ನಕ್ಕೆ ಒತ್ತಾಸೆಯಾಗಿ ನಿಂತ ಹಳದಿಯು ಹಳ್ಳಿಯಲ್ಲಿ ಚಿನ್ನದ ಕಾರ್ಯವನ್ನೇ ನಿರ್ವಹಿಸಿತು.

೩. ಇದು ನಕಲಿಯೇ?

ತವರವನ್ನು ಹೊನ್ನಾಗಿ ತೋರಿಸುವುದು ವಂಚನೆಯಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಅಗ್ಗದ ಜಾತ್ರೆಯ ಮಾಲಿಗೆ ಅಗ್ಗದ ಹೊಳಪು ಎಂದು ಕೆಲವರು ತಳ್ಳಿಹಾಕುವುದೂ ಉಂಟು. ಈ ಆಕ್ಷೇಪಣೆಯನ್ನು ಎರಡು ದೃಷ್ಟಿಗಳಿಂದ ಪರಿಶೀಲಿಸಬೇಕು.

ಮೊದಲನೆಯದಾಗಿ, ಈ ವಿದ್ಯೆ ನಮ್ಮ ನಾಡಿನದು ಮಾತ್ರವಲ್ಲ. ಸೋಮೇಶ್ವರನ ಕಾಲಕ್ಕೆ ಸಮೀಪದಲ್ಲಿಯೇ, ಎಂದರೆ ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ, ಜರ್ಮನಿಯ ಥಿಯೋಫಿಲಸನೆಂಬ ಕ್ರೈಸ್ತ ಸಂನ್ಯಾಸಿಯು ಕುಶಲಕಲೆಗಳನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಬರೆದನು. ಬಂಗಾರದ ಹಾಳೆ ದೊರೆಯದಿದ್ದಲ್ಲಿ ತವರದ ಹಾಳೆಗೆ ಮೆರುಗೆಣ್ಣೆಯನ್ನೂ ಕೇಸರಿಯ ಬಣ್ಣವನ್ನೂ ಕೊಟ್ಟು ಬಂಗಾರದಂತೆ ಮಾಡುವ ವಿಧಿ ಅದರಲ್ಲಿದೆ. ಇಟಲಿಯ ಚಿತ್ರಕಾರ ಚೆನ್ನಿನೋ ಚೆನ್ನಿನಿಯೂ ೧೪೦೦ರ ಸುಮಾರಿಗೆ ರಚಿಸಿದ ಕೈಪಿಡಿಯಲ್ಲಿ ಬಂಗಾರದ ಬಣ್ಣ ತಳೆದ ತವರದ ಪ್ರಸ್ತಾಪ ಮಾಡುತ್ತಾನೆ. ಯಾರಿಂದ ಯಾರು ಕಲಿತರೆಂಬ ವಾದ ಇಲ್ಲಿ ಅನಾವಶ್ಯಕ. ಬಂಗಾರವಿಲ್ಲದೆಡೆಯಲ್ಲಿ ಬಂಗಾರದ ಬೆಳಕನ್ನು ಬಯಸಿದ ಕೈಗಳು ಒಂದೇ ಸತ್ಯವನ್ನು ಬೇರೆಬೇರೆ ನೆಲಗಳಲ್ಲಿ ಕಂಡುಕೊಂಡವೆನ್ನಬಹುದು. ಯುರೋಪಿನಲ್ಲಿ ಇದನ್ನು ಕಲಾವಿದ್ಯೆಯೆಂದು ಗೌರವದಿಂದ ಅಭ್ಯಸಿಸುವ ನಾವು ಕೊಪ್ಪಳದಲ್ಲಿ ಇದನ್ನು ಅಗ್ಗದ ಹೊಳಪೆಂದು ಕರೆಯುವುದು ನ್ಯಾಯವಲ್ಲ.

ಎರಡನೆಯದಾಗಿ, ನಕಲಿಯೆಂಬ ಮಾತಿನ ಅರ್ಥವನ್ನೇ ವಿಚಾರಿಸಬೇಕು. ಬ್ಯಾಂಕಿನಲ್ಲಿ ಒಡವೆಯ ಮೇಲೆ ಸಾಲ ಕೊಡುವಾಗ ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ತೂಕ ಹಾಕುತ್ತೇವೆ. ಅಲ್ಲಿ ಬೇಕಾದುದು ಲೋಹದ ಬೆಲೆ. ಬೆಲೆಯ ವಿಷಯದಲ್ಲಿ ತವರವು ಚಿನ್ನವೆಂದು ಹೇಳಿಕೊಂಡರೆ ಅದು ಮೋಸ. ಗುಡಿಯ ಗರುಡನ ಕಿರೀಟವನ್ನು ಯಾರೂ ಒರೆಗೆ ಹಚ್ಚುವುದಿಲ್ಲ. ಅಲ್ಲಿ ಬೇಕಾದುದು ದೀಪದ ಬೆಳಕಿಗೆ ಕಿರೀಟವು ಕೊಡುವ ಉತ್ತರ. ಆ ಉತ್ತರವನ್ನು ಚಿತ್ರಗಾರನು ಪ್ರಾಮಾಣಿಕವಾಗಿಯೇ ಒದಗಿಸಿದ್ದಾನೆ. ಸೋಮೇಶ್ವರನ ಆಸ್ಥಾನದ ಪುಡಿ, ಅಂಟು, ಲೇಪನ, ಉಜ್ಜುವಿಕೆಗಳನ್ನು ಚಿನ್ನದಿಂದ ತವರಕ್ಕೆ ಇಳಿಸಿ, ಕಳೆದುಹೋದ ವರ್ಣವನ್ನು ಒಂದು ಪಾರದರ್ಶಕ ಪದರಿನಿಂದ ತುಂಬಿಕೊಟ್ಟನೆಂದರೆ ಅವನು ಅರಸನ ಐಶ್ವರ್ಯವನ್ನು ರೈತನ ಮನೆಯ ಜಗುಲಿಗೆ ತಂದನೆಂದೇ ಅರ್ಥ. ಕಲ್ಯಾಣದಿಂದ ಕಿನ್ನಾಳದವರೆಗೆ ನೇರವಾದ ಗುರುಶಿಷ್ಯ ಪರಂಪರೆ ಇತ್ತೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಎರಡೂ ಒಂದೇ ಕಾಯಕದ ಭಾಷೆಯಲ್ಲಿ ಮಾತಾಡುತ್ತವೆ ಎಂಬುದರಲ್ಲಿ ಸಂದೇಹವಿಲ್ಲ.

೪. ಚನ್ನಪಟ್ಟಣವೂ ಸಾವಂತವಾಡಿಯೂ

ಪಾರದರ್ಶಕ ಬಣ್ಣವನ್ನು ನಂಬಿದ ಕೇಂದ್ರ ಕಿನ್ನಾಳವೊಂದೇ ಅಲ್ಲ. ಚನ್ನಪಟ್ಟಣದಲ್ಲಿ ಹಾಲೆಮರವನ್ನು ತಿರುಗಣಿಗೆ ಕೊಟ್ಟು ಕಡೆಯುತ್ತಾರೆ. ಬಣ್ಣ ಬೆರಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿದಾಗ ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ಕೇದಗೆಯ ಜಾತಿಯ ಗಿಡದ ಗರಿಯಿಂದ ಒತ್ತಿ ಹೊಳಪು ತರುತ್ತಾರೆ. ಹಾಲೆಮರ ದಂತದಂತೆ ಬಿಳಿದಾದುದರಿಂದ ಅದಕ್ಕೆ ಬೇರೆ ಬಿಳಿಯ ತಳ ಬೇಡ; ಮರವೇ ತಳವಾಗುತ್ತದೆ. ಟಿಪ್ಪುಸುಲ್ತಾನನು ಪರ್ಷಿಯದ ಕುಶಲಿಗಳನ್ನು ಕರೆಸಿ ಈ ಕಸುಬನ್ನು ನೆಲೆಗೊಳಿಸಿದನೆಂಬ ಐತಿಹ್ಯ ಪ್ರಸಿದ್ಧವಾಗಿದೆ. ಇಪ್ಪತ್ತನೆಯ ಶತಮಾನದಲ್ಲಿ ಬಾವಾಸ್ ಮಿಯಾ ಎಂಬವರು ಜಪಾನಿನ ಅರಗಿನ ಕೆಲಸದ ವಿಧಾನಗಳನ್ನು ಅಲ್ಲಿಗೆ ತಂದರು.

ಮುಂಬಯಿಯ ಕನ್ನಡಿಗರಿಗೆ ಇವೆರಡಕ್ಕಿಂತಲೂ ಹತ್ತಿರವಾದುದು ಸಾವಂತವಾಡಿ. ಕೊಂಕಣ ರೈಲಿನಲ್ಲಿ ಕರಾವಳಿಯ ತಮ್ಮ ಊರುಗಳಿಗೆ ಹೋಗುವ ನಮ್ಮವರು ಈ ನಿಲ್ದಾಣವನ್ನು ದಾಟದೆ ಹೋಗುವುದಿಲ್ಲ. ಅಲ್ಲಿ ಗೊಂಬೆಗೂ ಎಲೆಗೂ ಬಣ್ಣ ಹಚ್ಚುವವರನ್ನು ಚಿತಾರಿ ಎನ್ನುತ್ತಾರೆ. ಅವರು ನೆಲೆಸಿದ ಬೀದಿ ಚಿತಾರ ಆಳಿ. ಚಿತಾರಿ, ಚಿತ್ರಗಾರ ಎಂಬ ಹೆಸರುಗಳ ಸೋದರತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಗಂಜೀಫಾ ಎಲೆಗಳು ದುಂಡಗಿನವು. ದಶಾವತಾರದ ಒಂದು ಕಟ್ಟಿನಲ್ಲಿ ಅವತಾರಕ್ಕೆ ಹನ್ನೆರಡರಂತೆ ೧೨೦ ಎಲೆಗಳು: ಒಬ್ಬ ರಾಜ, ಒಬ್ಬ ಪ್ರಧಾನ, ಮಿಕ್ಕವು ಒಂದರಿಂದ ಹತ್ತರವರೆಗಿನ ಅಂಕೆಯವು. ಬಟ್ಟೆಗೆ ಹುಣಿಸೆಬೀಜದ ಅಂಟು ಕೊಟ್ಟು, ಬಿಳಿಯ ತಳ ಬಳಿದು, ಚಿತ್ರ ಬರೆದು, ಮೇಲೆ ಅರಗಿನ ಲೇಪ ಕೊಡುವ ಕ್ರಮವು ಕಿನ್ನಾಳದ ಕ್ರಮಕ್ಕೆ ಎಷ್ಟು ಸಮೀಪವೆಂಬುದನ್ನು ವಾಚಕರೇ ನಿರ್ಣಯಿಸಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮) ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಇಂಥ ಎಲೆಯಾಟಗಳನ್ನು ವಿವರಿಸಿರುವುದರಿಂದ ಮೈಸೂರೂ ಈ ಮೇಳಕ್ಕೆ ಸೇರುತ್ತದೆ. ಮೇಜಿನ ಮೇಲಿನ ಆಟಕ್ಕೂ ಕಿರುಚಿತ್ರಕ್ಕೂ ಪಾರದರ್ಶಕ ಲೇಪಕ್ಕೂ ಇರುವ ನಂಟು ನಮ್ಮಲ್ಲಿ ಹಳೆಯದು.

೫. ಹೊರನಾಡಿನ ಹೊಸ ಸಾಕ್ಷಿ, ಹೊಸಬರ ಹಾದಿ

ಇದೇ ನಂಟು ಪಶ್ಚಿಮದಲ್ಲಿಯೂ ಬೇರೊಂದು ಹಾದಿಯಿಂದ ಬೆಳೆಯಿತು. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ತವರದ ಚಪ್ಪಟೆ ಸಿಪಾಯಿಗಳನ್ನು ಎರಕ ಹೊಯ್ದು ಬಣ್ಣ ಹಚ್ಚಿ ಮಾರುತ್ತಿದ್ದರು. ೧೯೧೩ರಲ್ಲಿ ಎಚ್. ಜಿ. ವೆಲ್ಸ್ ಇಂಥ ಗೊಂಬೆ ಸಿಪಾಯಿಗಳಿಂದ ಯುದ್ಧದಾಟವಾಡುವ ನಿಯಮಗಳನ್ನು ಲಿಟಲ್ ವಾರ್ಸ್ ಎಂಬ ಪುಸ್ತಕವಾಗಿ ಪ್ರಕಟಿಸಿದನು. ೧೯೮೩ರಲ್ಲಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯು ವಾರ್‌ಹ್ಯಾಮರ್ ಎಂಬ ಆಟವನ್ನು ಹೊರತಂದ ಮೇಲೆ ಹೆಬ್ಬೆರಳಿನಷ್ಟು ಎತ್ತರದ ವೀರರಿಗೆ ಬಣ್ಣ ಹಚ್ಚುವುದು ಲೋಕವ್ಯಾಪಿಯಾದ ಹವ್ಯಾಸವಾಯಿತು. ನಮ್ಮ ಮುಂಬಯಿಯ ತರುಣರಲ್ಲಿಯೂ ಈ ಹವ್ಯಾಸವುಳ್ಳವರಿದ್ದಾರೆ. ಮೊದಲು ಮುಚ್ಚುವ ಬಣ್ಣ, ಅದರ ಮೇಲೆ ನೆರಳು, ಅದರ ಮೇಲೆ ಹೊಳಪು ಎಂದು ಹಲವು ಸಲ ಬರೆಯುವ ಕ್ರಮವೇ ಅವರಲ್ಲಿ ಬಹುಕಾಲ ರೂಢಿಯಲ್ಲಿತ್ತು. ೨೦೧೯ರಲ್ಲಿ ಅದೇ ಸಂಸ್ಥೆ ಕಾಂಟ್ರಾಸ್ಟ್ ಎಂಬ ಹೆಸರಿನ ತೆಳುಬಣ್ಣಗಳನ್ನು ಮಾರುಕಟ್ಟೆಗೆ ತಂದಿತು. ತಿಳಿಯಾದ ತಳದ ಮೇಲೆ ಒಂದೇ ಸಲ ಹಚ್ಚಿದರೆ ಸಾಕು; ಉಬ್ಬಿನಲ್ಲಿ ತೆಳುವಾಗಿ, ತಗ್ಗಿನಲ್ಲಿ ದಟ್ಟವಾಗಿ ನಿಂತು ನೆರಳನ್ನೂ ಹೊಳಪನ್ನೂ ತಾನೇ ಕೊಡುತ್ತದೆ. ಲೋಹದ ಬಣ್ಣದ ತಳದ ಮೇಲೆ ಹಚ್ಚಿದರಂತೂ ಲೋಹವೇ ಆ ವರ್ಣ ತಳೆದಂತೆ ಕಾಣುತ್ತದೆ. ಹೊಸಬರಿಗೆ ಸುಲಭವೆಂದು ಇದಕ್ಕೆ ಖ್ಯಾತಿ ಬಂದಿತು. ಕಿನ್ನಾಳದ ತವರದ ಮೇಲಿನ ಹಳದಿಯನ್ನು ಬಲ್ಲವನಿಗೆ ಇದರ ತತ್ತ್ವ ಹೊಸದೆನಿಸದು.

ಹೊಸಬರಿಗೆ ಇದು ಏಕೆ ಸುಲಭ? ಕೈಯ ನಿಪುಣತೆಯ ಭಾರವನ್ನು ತಳದ ಶುದ್ಧಿಗೆ ವರ್ಗಾಯಿಸುವುದರಿಂದ. ರೇಖೆ ಎಳೆಯಲು ವರ್ಷಗಳ ಪಳಗಿಕೆ ಬೇಕು. ಬಿಳಿಯ ತಳವನ್ನು ಸಮನಾಗಿ ಬಳಿಯಲು ಬೇಕಾದುದು ಮುಖ್ಯವಾಗಿ ತಾಳ್ಮೆ. ವಂಶಪಾರಂಪರ್ಯದ ಕಸುಬುಗಳಲ್ಲಿ ಕಲಿಯುವವನ ಕೈಗೆ ಮೊದಲು ಬರುವುದು ಅರೆಯುವ ಕಲ್ಲು, ಬಳಿಯುವ ಬಿಳುಪು. ಕಣ್ಣು ಬರೆಯುವ ಅಧಿಕಾರ ಕಟ್ಟಕಡೆಗೆ. ನಮ್ಮ ನಗರದ ಲಾಲಬಾಗ, ಪರಳದ ಗಣಪತಿಯ ಕಾರ್ಖಾನೆಗಳಲ್ಲಿಯೂ, ರಾಯಗಡ ಜಿಲ್ಲೆಯ ಪೇಣದಲ್ಲಿಯೂ ಆಖಣಿ ಎಂದರೆ ಕಣ್ಣು ಬರೆಯುವ ಕೆಲಸ ನುರಿತವರದು. ತಳದ ಬಿಳುಪು ಎಳೆಯರದು. ಕಿರಿಯರ ಈ ಕೆಲಸ ಮೇಲ್ಬಣ್ಣದ ಕೆಳಗೆ ಮರೆಯಾಗುವುದರಿಂದ ಅದಕ್ಕೆ ಬೆಲೆ ಕಡಮೆಯೆಂದು ಬಗೆಯುವುದುಂಟು. ಪಾರದರ್ಶಕ ಬಣ್ಣದ ತತ್ತ್ವವನ್ನು ಅರಿತರೆ ಇದರ ವಿಪರೀತವೇ ಸತ್ಯವೆಂದು ಕಾಣುವುದು: ಹಿರಿಯನ ಬಣ್ಣ ಬೆಳಗುವುದು ಕಿರಿಯನು ಬಳಿದ ಬಿಳುಪಿನಿಂದ.

ಈ ಮಾತನ್ನು ಪರೀಕ್ಷಿಸಲು ಚಿತ್ರಗಾರರಾಗಬೇಕಾಗಿಲ್ಲ. ಅಂಗೈಯಗಲದ ಒಂದು ಹಲಗೆಯನ್ನು ಮೂರು ಭಾಗ ಮಾಡಿ, ಒಂದಕ್ಕೆ ಬಿಳಿಯ ಬಣ್ಣ, ಇನ್ನೊಂದಕ್ಕೆ ಕಪ್ಪು ಬಣ್ಣ ಬಳಿದು, ಮೂರನೆಯದರ ಮೇಲೆ ಅಡುಗೆಮನೆಯಲ್ಲಿ ರೊಟ್ಟಿ ಸುತ್ತುವ ಅಲ್ಯೂಮಿನಿಯಮ್ ಹಾಳೆಯನ್ನು ಅಂಟಿಸಿರಿ. ಗಾಜಿನ ಮೇಲೆ ಚಿತ್ರ ಬರೆಯಲು ಮಾರುವ ಹಳದಿ ಬಣ್ಣವನ್ನು ಮೂರರ ಮೇಲೂ ಒಂದೇ ಹದದಲ್ಲಿ ಎಳೆಯಿರಿ. ಬಿಳಿಯ ಮೇಲೆ ಅದು ಶುದ್ಧ ಹಳದಿ. ಕಪ್ಪಿನ ಮೇಲೆ ಬಹುತೇಕ ಇಲ್ಲವೇ ಇಲ್ಲ. ಹಾಳೆಯ ಮೇಲೆ ಹೊನ್ನು. ಆಮೇಲೆ ಮನೆಯ ಮಕ್ಕಳು ಗೊಂಬೆಗೆ ಕೈ ಹಚ್ಚಬಹುದು. ಮೈಯನ್ನು ಒರೆಸಿ ಜಿಡ್ಡು ತೆಗೆಯುವುದು, ಬಿಳಿಯ ತಳವನ್ನು ದಪ್ಪವಾಗಿ ಒಂದು ಸಲ ಬಳಿಯುವುದರ ಬದಲು ತೆಳುವಾಗಿ ಎರಡು ಸಲ ಬಳಿಯುವುದು, ಪೂರಾ ಒಣಗಿದ ಮೇಲೆ ನುಣ್ಣನೆಯ ಮರಳುಕಾಗದದಿಂದ ಉಜ್ಜುವುದು, ತಿಳಿಬಣ್ಣ ಮೊದಲು ಗಾಢಬಣ್ಣ ಆಮೇಲೆ ಹಚ್ಚುವುದು, ಅರೆ ಒಣಗಿದ ಬಣ್ಣದ ಮೇಲೆ ಕುಂಚವನ್ನು ಮರಳಿ ಆಡಿಸದಿರುವುದು, ತಗ್ಗಿನಲ್ಲಿ ಬಣ್ಣ ಹೆಚ್ಚಾಗಿ ನಿಂತರೆ ಒಣ ಕುಂಚದ ತುದಿಯಿಂದ ಹೀರಿ ತೆಗೆಯುವುದು: ಇಷ್ಟನ್ನು ಪಾಲಿಸಿದರೆ ಮೊದಲ ಗೊಂಬೆಯೇ ಮನೆಯಲ್ಲಿಡುವಂತೆ ಆಗುವುದು. ಮುಂಬಯಿಯ ಮಳೆಗಾಲದಲ್ಲಿ ಮಾತ್ರ ಅವಸರ ಕೂಡದು. ಗಾಳಿಯ ತೇವದಿಂದ ಪ್ರತಿಯೊಂದು ಪದರೂ ತಡವಾಗಿ ಒಣಗುತ್ತದೆ.

೬. ಕಾಣದುದನ್ನು ಕಾಯುವುದು

ಇಂದು ಈ ವಿದ್ಯೆಗೆ ಎರಡು ಕಡೆಗಳಿಂದ ಹಾನಿಯ ಸಂಭವವಿದೆ. ಮೊದಲನೆಯದು ಮಾಡುವವರ ಕಡೆಯದು. ಕಿಟ್ಟ ಒಣಗಬೇಕು, ಬಟ್ಟೆ ಒಣಗಬೇಕು, ಕಲ್ಲಿನ ಲೇಪ ಒಣಗಬೇಕು, ತವರ ಒಣಗಬೇಕು. ಈ ದಿನಗಳಿಗೆಲ್ಲ ಕೂಲಿಯಿಲ್ಲ. ಹಣ ಬರುವುದು ಗೊಂಬೆ ಮುಗಿದು ಮಾರಿದ ಮೇಲೆ. ಡಬ್ಬಿಯ ಸಿದ್ಧ ಬಣ್ಣವಾದರೋ ಒರಟು ತಳವನ್ನೂ ಮುಚ್ಚಿಬಿಡುತ್ತದೆ. ತಳವನ್ನು ತಿದ್ದುವ ದಿನಗಳು ಉಳಿಯುತ್ತವೆ. ಆಗ ತಳದ ಕೆಲಸವೇ ವ್ಯರ್ಥವೆನಿಸಿದರೆ ಚಿತ್ರಗಾರನನ್ನು ದೂರುವುದು ತರವಲ್ಲ. ಕಿನ್ನಾಳಕ್ಕೂ ಚನ್ನಪಟ್ಟಣಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅದು ಊರಿನ ಹೆಸರನ್ನು ಕಾಯುತ್ತದೆ. ಪದರುಗಳನ್ನು ಕಾಯಲು ಅದೊಂದೇ ಸಾಲದು. ಮಂಗಳೂರಿನಲ್ಲಿ ೧೯೦೩ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೫೨ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಲಿಯ ಮೂಲಕ ಇಂಥ ಕಸುಬುಗಳಿಗೆ ದೇಶದ ಗಮನವನ್ನು ಸೆಳೆದರು. ೨೦೨೩ರ ಸೆಪ್ಟೆಂಬರಿನಲ್ಲಿ ಆರಂಭವಾದ ಕೇಂದ್ರ ಸರಕಾರದ ವಿಶ್ವಕರ್ಮ ಯೋಜನೆಯು ೧೮ ಕಸುಬುಗಳಲ್ಲಿ ಸಾಂಪ್ರದಾಯಿಕ ಗೊಂಬೆ ಮಾಡುವವರನ್ನೂ ಸೇರಿಸಿಕೊಂಡು, ಉಪಕರಣಗಳಿಗೆ ೧೫,೦೦೦ ರೂಪಾಯಿಗಳ ನೆರವನ್ನೂ, ಶೇಕಡಾ ೫ರ ಬಡ್ಡಿಯಲ್ಲಿ ಮೊದಲು ೧ ಲಕ್ಷ, ಆಮೇಲೆ ೨ ಲಕ್ಷ ರೂಪಾಯಿಗಳ ಸಾಲವನ್ನೂ ವಿಧಿಸಿದೆ. ಇದು ಸ್ವಾಗತಾರ್ಹ. ಆದರೆ ಲೆಕ್ಕದ ದೃಷ್ಟಿಯಿಂದ ನೋಡುವವರು ಒಂದನ್ನು ಗಮನಿಸಬೇಕು. ಈ ಕಸುಬಿಗೆ ಉಳಿಯಷ್ಟೇ ಅಗತ್ಯವಾದ ಬಂಡವಾಳವೆಂದರೆ ಕಾಯುವ ದಿನಗಳು. ಕೊಳ್ಳುವವರು ಗೊಂಬೆಯನ್ನು ಹೇಳಿ ಮಾಡಿಸುವಾಗಲೇ ಬೆಲೆಯ ಒಂದು ಭಾಗವನ್ನು ಮುಂಗಡವಾಗಿ ಕೊಟ್ಟರೆ ತಳಕ್ಕೆ ಬೇಕಾದ ದಿನಗಳನ್ನು ಕೊಟ್ಟಂತಾಗುವುದು. ನಮ್ಮ ಸಂಘಗಳು ಉತ್ಸವಕ್ಕೆಂದು ಗೊಂಬೆಗಳನ್ನು ತರಿಸುವಾಗ ಇದನ್ನು ನಿಯಮವಾಗಿ ಮಾಡಿಕೊಳ್ಳಬಹುದು.

ಎರಡನೆಯ ಹಾನಿ ನಮ್ಮ ಮನೆಗಳಲ್ಲಿಯೇ ನಡೆಯುವಂಥದು. ದಸರೆಯ ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದಾಗ ಬಣ್ಣ ಮಾಸಿದೆಯೆಂದು ಕಂಡರೆ ಹೊಸ ಎನಾಮಲ್ ಬಣ್ಣ ಹಚ್ಚಿಬಿಡುವ ಉತ್ಸಾಹ ಸಾಮಾನ್ಯ. ಮಾಸಿದ ಗೊಂಬೆಯಲ್ಲಿ ಅನೇಕ ವೇಳೆ ಕೆಟ್ಟಿರುವುದು ಮೇಲಿನ ಮೆರುಗೆಣ್ಣೆ ಮಾತ್ರ. ಹೊಗೆಯಿಂದ ಅದು ಕಂದಿರುತ್ತದೆ. ಅದರ ಕೆಳಗೆ ತವರವೂ ಬಿಳುಪೂ ಹಾಗೆಯೇ ಇರಬಹುದು. ಮುಚ್ಚುವ ಬಣ್ಣ ಒಮ್ಮೆ ಮೇಲೆ ಬಿದ್ದಿತೆಂದರೆ ಆ ತಳಕ್ಕೆ ಬೆಳಕು ಮತ್ತೆ ತಲುಪದು. ಅದನ್ನು ಕೆರೆದು ತೆಗೆಯಹೋದರೆ ತಳವೂ ಜೊತೆಗೆ ಬರುವುದು. ಹಳೆಯ ಕೈಬರಹದ ಮೇಲೆ ಸುಣ್ಣ ಬಳಿಯುವುದಕ್ಕೂ ಇದಕ್ಕೂ ಭೇದವಿಲ್ಲ. ಆದುದರಿಂದ ಹಳೆಯ ಗೊಂಬೆಯ ಧೂಳನ್ನು ಒಣ ಮೃದು ಕುಂಚದಿಂದ ತೆಗೆದು, ನೀರು ಸೋಕಿಸದೆ, ಹತ್ತಿಯ ಬಟ್ಟೆಯಲ್ಲಿ ಸುತ್ತಿಡುವುದು ಒಳ್ಳೆಯದು. ಹುಣಿಸೆಬೀಜದ ಅಂಟಿಗೆ ಹುಳು ಹತ್ತುವ ಸಂಭವವಿರುವುದರಿಂದ ಮಳೆಗಾಲದ ಮುಂಚೆಯೂ ಆಮೇಲೆಯೂ ತೆರೆದು ನೋಡಬೇಕು. ಹೊಸ ಬಣ್ಣದ ಹಂಬಲಕ್ಕೆ ಹೊಸ ಗೊಂಬೆಯನ್ನು ಕೊಳ್ಳಬೇಕು.

ಕಿರುಗೊಂಬೆಗಳೂ ಚರಿತ್ರೆಯ ಆಧಾರಗಳೆಂಬುದನ್ನು ನಮ್ಮ ನಗರವು ಬಹಳ ಹಿಂದೆಯೇ ಒಪ್ಪಿಕೊಂಡಿದೆ. ೧೮೭೨ರಲ್ಲಿ ಬಾಯಖಳದಲ್ಲಿ ತೆರೆದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವು ೧೯೭೫ರಿಂದ ಡಾ. ಭಾವೂ ದಾಜಿ ಲಾಡ್ ಅವರ ಹೆಸರನ್ನು ಹೊತ್ತಿದೆ. ಈ ನಗರದ ನಾನಾ ಜಾತಿಕಸುಬುಗಳವರನ್ನು ತೋರುವ ಮಣ್ಣಿನ ಕಿರುಗೊಂಬೆಗಳು ಅದರ ಗಾಜಿನ ಪೆಟ್ಟಿಗೆಗಳಲ್ಲಿವೆ. ಊರಿನಿಂದ ಮುಂಬಯಿಗೆ ಬಂದ ಕನ್ನಡ ಮನೆತನಗಳ ಪೆಟ್ಟಿಗೆಗಳಲ್ಲಿ ಕಿನ್ನಾಳದ, ಚನ್ನಪಟ್ಟಣದ, ಗೋಕಾಕಿನ ಎಷ್ಟು ಗೊಂಬೆಗಳಿವೆಯೋ ಅವುಗಳ ಪಟ್ಟಿಯನ್ನು ಮಾಡುವ ಕೆಲಸವನ್ನು ನಮ್ಮ ಸಂಘವೇ ಕೈಗೊಳ್ಳಬಹುದು. ಪ್ರತಿಯೊಂದರ ಛಾಯಾಚಿತ್ರ, ಎತ್ತರ, ಮನೆಗೆ ಬಂದ ಕಾಲ, ಪುನಃ ಬಣ್ಣ ಹಚ್ಚಿದ್ದುಂಟೋ ಇಲ್ಲವೋ ಎಂಬ ವಿವರ, ಎಲ್ಲಿಯಾದರೂ ಚಕ್ಕೆ ಎದ್ದಿದ್ದರೆ ಅಲ್ಲಿ ಕಾಣುವ ಪದರುಗಳ ಕ್ರಮ: ಇಷ್ಟನ್ನು ಗುರುತು ಹಾಕಿಟ್ಟರೆ ಮುಂದಿನ ಸಂಶೋಧಕರಿಗೆ ಅದೊಂದು ಆಧಾರಗ್ರಂಥವಾಗುವುದು. ಚಕ್ಕೆ ಎದ್ದ ಗೊಂಬೆಯನ್ನು ಕುಂದುಳ್ಳದ್ದೆಂದು ಎಸೆಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಂಥ ಗೊಂಬೆಯೇ ತನ್ನ ಕಟ್ಟಡವನ್ನು ತೆರೆದು ತೋರಿಸುವುದು.

ಬಾದಾಮಿಯ ಗುಹೆಯನ್ನು ಕಾಯಲು ಪುರಾತತ್ತ್ವ ಇಲಾಖೆ ಇದೆ. ಮನೆಯ ಪೆಟ್ಟಿಗೆಯಲ್ಲಿರುವ ಗರುಡನನ್ನು ಕಾಯಲು ಆ ಮನೆಯವರಲ್ಲದೆ ಬೇರೆ ಇಲಾಖೆಯಿಲ್ಲ.